ಮೊಹರಿನ ಕೆಳಗಿನ ಹದಿನೇಳು ಮನೆಗಳು

ನಮ್ಮ ದೊಡ್ಡಮ್ಮ ಮೂವತ್ನಾಲ್ಕು ವರ್ಷ ಒಂದೇ ಗೋಡೆಯ ಎದುರು ಕುಳಿತು ಕೆಲಸ ಮಾಡಿದಳು. ಆ ಗೋಡೆಯ ಮೇಲೆ ಒಂದು ನಕ್ಷೆ ಇತ್ತು. ಅದರ ಮೇಲ್ತುದಿಯನ್ನು ನೋಡಬೇಕಾದರೆ ಸ್ಟೂಲು ಹತ್ತಬೇಕು. ಕೆಳತುದಿಯನ್ನು ನೋಡಬೇಕಾದರೆ ನೆಲಕ್ಕೆ ಮಂಡಿಯೂರಬೇಕು. ದೊಡ್ಡಮ್ಮನಿಗೆ ಎರಡೂ ಬೇಕಿರಲಿಲ್ಲ. ಬೀದಿಯ ಹೆಸರು ಹೇಳಿದರೆ ಸಾಕು, ಅದು ಯಾವ ಊರಿನದು, ಅಲ್ಲಿ ಎಷ್ಟು ನಲ್ಲಿಗಳಿವೆ, ಕಸದ ಗಾಡಿ ಯಾವ ದಿನ ಹೋಗುತ್ತದೆ ಎಂದು ಕಣ್ಣೆತ್ತದೆ ಹೇಳಿಬಿಡುತ್ತಿದ್ದಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ನಕ್ಷೆಯಕ್ಕ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ಆ ಕಚೇರಿ ಯಾವುದೇ ಒಂದು ಪುರಸಭೆಯದಲ್ಲ. ಒಂಬತ್ತು ಪುರಸಭೆಗಳು ಸೇರಿ ಮಾಡಿಕೊಂಡ ಒಕ್ಕೂಟದ್ದು. ಬೆಟ್ಟದಿಂದ ಇಳಿಯುವ ಹೊಳೆ ರೈಲು ನಿಲ್ದಾಣದವರೆಗೆ ಬರುವಷ್ಟರಲ್ಲಿ ಒಂಬತ್ತು ಸಣ್ಣ ಊರುಗಳನ್ನು ದಾಟುತ್ತದೆ. ಒಂದೊಂದು ಊರೂ ತನ್ನದೇ ಆಂಬುಲೆನ್ಸ್ ಇಟ್ಟುಕೊಳ್ಳುವಷ್ಟು ದೊಡ್ಡದಲ್ಲ, ಪಕ್ಕದ ಊರಿನ ಕೈಕೆಳಗೆ ಇರುವಷ್ಟು ಸಣ್ಣದೂ ಅಲ್ಲ. ಹಾಗಾಗಿ ನಾಲ್ಕು ಕೆಲಸಗಳನ್ನು ಮಾತ್ರ ಒಟ್ಟಿಗೆ ಮಾಡುವುದೆಂದು ಒಪ್ಪಿಕೊಂಡಿದ್ದವು. ನೀರು, ಕಸ, ಆಂಬುಲೆನ್ಸ್, ಜನನ ಮರಣದ ದಾಖಲೆ. ಮಿಕ್ಕದ್ದೆಲ್ಲ ಅವರವರದ್ದು, ಜಗಳವೂ ಸೇರಿ. ಸಭೆಯಲ್ಲಿ ಯಾವ ಊರಿನ ಹೆಸರನ್ನು ಮೊದಲು ಹೇಳಿದರೂ ಉಳಿದ ಎಂಟು ಊರಿನವರು ಮುಖ ಊದಿಸಿಕೊಳ್ಳುತ್ತಿದ್ದರಂತೆ. ಕೊನೆಗೆ ಹೊಳೆ ಹರಿಯುವ ಕ್ರಮದಲ್ಲಿ ಒಂದನೇ ಊರು, ಎರಡನೇ ಊರು ಎಂದು ಲೆಕ್ಕ ಹಾಕಿದರು. ಹೊಳೆಯ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಒಕ್ಕೂಟದ ಕಚೇರಿ ನಡುವಿನ ಐದನೇ ಊರಿನಲ್ಲಿ, ಹಳೆಯ ಉಗ್ರಾಣವೊಂದರ ಮಹಡಿಯ ಮೇಲೆ ಇತ್ತು. ನಮ್ಮ ಮನೆಯೂ ಅದೇ ಊರಿನಲ್ಲಿ. ದೊಡ್ಡಮ್ಮ ಮದುವೆಯಾಗಲಿಲ್ಲ, ತಂಗಿಯ ಮನೆಯಲ್ಲಿ, ಎಂದರೆ ನಮ್ಮ ಜೊತೆಯಲ್ಲಿ ಇದ್ದಳು.

ಒಕ್ಕೂಟಕ್ಕೆ ಇನ್ನೊಂದು ಕಟ್ಟುಪಾಡಿತ್ತು. ಒಕ್ಕೂಟದ ನೌಕರರು ಯಾವ ಊರಿನೊಳಗೂ, ಆ ಊರಿನ ಪುರಸಭೆ ಕಾಗದ ಬರೆದು ಕರೆಯದೆ, ಕಚೇರಿಯ ಕೆಲಸದ ಮೇಲೆ ಕಾಲಿಡಬಾರದು. ಮೊದಲ ವರ್ಷ ಒಬ್ಬ ಗುಮಾಸ್ತ ಮೂರನೇ ಊರಿನಲ್ಲಿ ನಲ್ಲಿ ಎಣಿಸಲು ಹೋಗಿ ಏಟು ತಿಂದು ಬಂದ ಮೇಲೆ ಮಾಡಿದ್ದು. ಊರುಗಳ ವಿಷಯ ತಿಳಿಯಬೇಕಾದರೆ ನಕ್ಷೆ ನೋಡಬೇಕು. ನಕ್ಷೆಯಲ್ಲಿದ್ದದ್ದು ಉಂಟು, ಇಲ್ಲದ್ದು ಇಲ್ಲ.

ಆ ನಕ್ಷೆಯನ್ನು ಅಂಟಿಸಿದವಳು ದೊಡ್ಡಮ್ಮನೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಅವಳಿಗೆ ಇಪ್ಪತ್ತನಾಲ್ಕು. ಒಂಬತ್ತು ಪುರಸಭೆಗಳೂ ಒಂದೇ ಅಳತೆಯಲ್ಲಿ ಬರೆಸಿದ ಒಂದೊಂದು ಹಾಳೆ ಕಳಿಸಿದ್ದವು. ಹಾಳೆಯ ಸುತ್ತ ಇದ್ದ ಖಾಲಿ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಮೇಲಿನ ಊರಿನ ಹಾಳೆ ಕೆಳಗಿನ ಊರಿನ ಹಾಳೆಯ ಮೇಲೆ ಬರುವ ಹಾಗೆ, ಹೆಂಚು ಹೊದಿಸಿದಂತೆ ಕೆಳಗಿನಿಂದ ಅಂಟಿಸುತ್ತ ಬರಬೇಕಿತ್ತು. ನಾಲ್ಕು ಹಾಳೆ ಸುಸೂತ್ರವಾಗಿ ಆಯಿತು. ಐದನೇ ಊರಿನ ಹಾಳೆಗೆ ಬಂದಾಗ ಅವಳ ಕೈ ನಿಂತಿತು. ಎಲ್ಲ ಊರಿನವರೂ ತಮ್ಮ ಮೊಹರನ್ನು ಹಾಳೆಯ ಮೂಲೆಯಲ್ಲಿ ಒತ್ತಿದ್ದರೆ, ಐದನೇ ಊರಿನವರು ಕೆಳಗಿನ ಖಾಲಿ ಅಂಚಿನ ಮೇಲೆ ಒತ್ತಿದ್ದರು. ಅಂಚು ಕತ್ತರಿಸಿದರೆ ಮೊಹರೂ ಹೋಗುತ್ತದೆ.

ದೊಡ್ಡಮ್ಮ ಹೆಡ್ ಗುಮಾಸ್ತರನ್ನು ಕೇಳಿದಳು.

"ಮೊಹರಿಗೆ ಬ್ಲೇಡ್ ಹಾಕ್ತೀಯೇನಮ್ಮ?" ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. "ನಾಳೆ ಐದನೇ ಊರಿನವರು ಬಂದು ನಮ್ಮ ಊರಿನ ಕತ್ತೇ ಕೊಯ್ದ್ರಿ ಅಂತಾರೆ. ಮೊಹರಿರೋ ಕಾಗದ ಹೇಗೆ ಬಂತೋ ಹಾಗೇ ಇರ್ಬೇಕು. ಗೊತ್ತಾಯ್ತಾ?"

ಗೊತ್ತಾಯಿತು. ದೊಡ್ಡಮ್ಮ ಅಚ್ಚುಕಟ್ಟಿನವಳು. ಮೊಹರಿನ ಆಚೀಚೆಯ ಅಂಚನ್ನು ಕತ್ತರಿಸಿ, ಮೊಹರಿದ್ದ ಅಂಗೈಯಗಲದ ಒಂದು ತುಂಡನ್ನು ಮಾತ್ರ ನಾಲಿಗೆಯ ಹಾಗೆ ಉಳಿಸಿಕೊಂಡಳು. ಐದನೇ ಊರಿಗೂ ಆರನೇ ಊರಿಗೂ ನಡುವಿನ ಗಡಿ ಒಂದು ತೊರೆ. ಎರಡು ಹಾಳೆಗಳ ತೊರೆಯ ಗೆರೆ ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕೆಂದು ಉಸಿರು ಬಿಗಿಹಿಡಿದು ಅಂಟಿಸಿದಳು. ಕೂಡಿತು. ಆ ನಾಲಿಗೆ ಆರನೇ ಊರಿನ ತೊರೆದಂಡೆಯ ಮೇಲೆ ಮಲಗಿತು. ನೋಡಿದವರಿಗೆ ಅದು ಖಾಲಿ ದಂಡೆಯ ಮೇಲೆ ಒತ್ತಿದ ಮೊಹರಿನ ಹಾಗೆ ಕಾಣುತ್ತಿತ್ತು. ಅಡಿಯಲ್ಲಿ ಏನಿತ್ತು ಎಂದು ನಾನು ಅವಳನ್ನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವಳು "ನಾನು ತೊರೆಯನ್ನಷ್ಟೇ ನೋಡ್ತಿದ್ದೆ" ಎಂದಳು.

ನೀರಿನ ಪಟ್ಟಿ, ಕಸದ ಪಟ್ಟಿ, ಆಂಬುಲೆನ್ಸಿನ ಪಟ್ಟಿ ಎಲ್ಲವನ್ನೂ ಆ ಗೋಡೆಯನ್ನು ನೋಡಿಯೇ ಬರೆದರು. ಆರನೇ ಊರಿನ ಪುರಸಭೆಯ ಹಳೆಯ ಕಾಗದಗಳನ್ನು ಕೆಲವು ವರ್ಷಗಳಲ್ಲಿ ಗೆದ್ದಲು ತಿಂದಿತು. ಅವರು ಬಂದು ಒಕ್ಕೂಟದ ಪಟ್ಟಿಯನ್ನೇ ನಕಲು ಮಾಡಿಕೊಂಡು ಹೋದರು.

ಇಪ್ಪತ್ತೇಳು ವರ್ಷ ಹೀಗೇ ಕಳೆದ ಮೇಲೆ ಕೊಡೆ ರಿಪೇರಿ ಮಾಡುವ ಒಬ್ಬರು ಕೌಂಟರಿನ ಮುಂದೆ ಬಂದು ನಿಂತರು. ಹೆಗಲಲ್ಲಿ ಕಡ್ಡಿಗಳು ತುಂಬಿದ ಚೀಲ. ಕಚೇರಿಯ ಅಟೆಂಡರ್ ಅವರಿಗೆ ಅಂದೇ ಕೊಡೆಯಪ್ಪ ಎಂದು ಹೆಸರಿಟ್ಟ.

"ಅಮ್ಮ, ನನ್ನ ಹೆಂಡತಿಗೆ ಉಬ್ಬಸ. ಆಂಬುಲೆನ್ಸ್ ಕರೆದ್ರೆ ನಮ್ಮ ಬೀದಿಗೆ ಬರಲ್ಲ ಅಂತಾರೆ."

"ಯಾವ ಬೀದಿ?"

"ಇಳಿಜಾರು ಬೀದಿ. ಆರನೇ ಊರು."

ದೊಡ್ಡಮ್ಮನಿಗೆ ಆ ಹೆಸರು ಕೇಳಿದ ನೆನಪಿರಲಿಲ್ಲ. ಅವಳಿಗೆ ಗೊತ್ತಿಲ್ಲದ ಬೀದಿ ಎಂದರೆ ಅದು ಇಲ್ಲ ಎಂದೇ ಅರ್ಥ. ಆದರೂ ಪಟ್ಟಿ ತೆಗೆದು ನೋಡಿದಳು, ಎದ್ದು ನಕ್ಷೆಯನ್ನೂ ನೋಡಿದಳು.

"ಅಂಥ ಬೀದಿ ಇಲ್ವಲ್ಲ."

"ನಾನು ಈಗ ಅಲ್ಲಿಂದಾನೇ ಬಂದೆ, ಅಮ್ಮ."

"ನೀವು ಬಂದಿರಬಹುದು. ನಕ್ಷೇಲಿ ಇಲ್ಲ."

"ವೋಟಿನ ಪಟ್ಟೀಲಿ ಇದೀವಲ್ಲ?"

"ಅದು ಬೇರೆ ಇಲಾಖೆ."

"ಹಾಗಾದ್ರೆ ನಾವು ಐದು ವರ್ಷಕ್ಕೊಂದು ದಿನ ಮಾತ್ರ ಇರ್ತೀವಿ ಅನ್ನಿ," ಎಂದು ಕೊಡೆಯಪ್ಪ ನಕ್ಕರು. ಅಟೆಂಡರ್ ಜೋರಾಗಿ ನಕ್ಕ. ದೊಡ್ಡಮ್ಮನೂ ಸ್ವಲ್ಪ ನಕ್ಕಳಂತೆ. ಆಮೇಲೆ ಅವರ ಅರ್ಜಿಯ ಬೆನ್ನಿಗೆ ತನ್ನ ದುಂಡು ಅಕ್ಷರದಲ್ಲಿ ಹಿಂಬರಹ ಬರೆದು ಕೊಟ್ಟಳು: ಸದರಿ ಬೀದಿ ನಕ್ಷೆಯಲ್ಲಿ ಕಂಡುಬರುವುದಿಲ್ಲ.

ಬೀದಿ ಇರುವುದು ಅವಳಿಗೆ ಗೊತ್ತಾಗದೆ ಹೋಗಲಿಲ್ಲ. ಮಧ್ಯಾಹ್ನ ಆಂಬುಲೆನ್ಸಿನ ಡ್ರೈವರನ್ನು ಕೇಳಿದಳು. ಅವನು ವರಾಂಡದಲ್ಲಿ ಕಾಲು ಚಾಚಿಕೊಂಡು ಕೂತಿದ್ದ.

"ಇದೆ, ನಕ್ಷೆಯಕ್ಕ. ದೊಡ್ಡ ರಸ್ತೆಯ ತಿರುವಿಂದ ಕೆಳಗೆ ಇಳಿಯುತ್ತೆ. ಜನ ಕುರ್ಚೀಲಿ ಕೂರಿಸಿಕೊಂಡು ತಿರುವಿನವರೆಗೂ ಹೊತ್ತು ತರ್ತಾರೆ, ಅಲ್ಲಿಂದ ನಾನು ಹಾಕ್ಕೋತೀನಿ."

"ಗಾಡಿ ಇಳಿಯಲ್ವಾ?"

"ಗಾಡಿ ಇಳಿಯುತ್ತೆ. ಪಟ್ಟಿ ಇಳಿಯಲ್ಲ. ಪಟ್ಟೀಲಿಲ್ಲದ ಕಡೆ ಟೈರ್ ಇಟ್ಟು ಏನಾದ್ರೂ ಆದ್ರೆ ವಿಮೆಯವರು ನನ್ನ ಕತ್ತು ಹಿಡೀತಾರೆ, ನಿಮ್ಮದಲ್ಲ."

ನಕ್ಷೆ ಆದ ಮೇಲೆ ಎದ್ದ ಮನೆಗಳಿರಬೇಕು, ಯಾರನ್ನೂ ಕೇಳದೆ ತೊರೆದಂಡೆಯಲ್ಲಿ ಕಟ್ಟಿಕೊಂಡಿರಬೇಕು ಎಂದು ದೊಡ್ಡಮ್ಮ ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡ ಮೇಲೆ ಸಮಾಧಾನವಾಯಿತು.

ಆರು ವರ್ಷಗಳಲ್ಲಿ ಕೊಡೆಯಪ್ಪ ಹತ್ತು ಸಲ ಬಂದರು. ಆರನೇ ಊರಿನ ಪುರಸಭೆಗೆ ಹೋದರೆ "ಒಕ್ಕೂಟದ ಪಟ್ಟೀಲಿ ಇಲ್ಲ, ಅಲ್ಲಿ ಕೇಳಿ" ಎನ್ನುತ್ತಿದ್ದರು. ಒಕ್ಕೂಟಕ್ಕೆ ಬಂದರೆ ದೊಡ್ಡಮ್ಮ ಹಿಂಬರಹ ಬರೆಯುತ್ತಿದ್ದಳು. ಅವರು ಒಂದು ದಿನವೂ ದನಿ ಏರಿಸಲಿಲ್ಲ. ಕಾಯುವಾಗ ಸುಮ್ಮನೆ ಕೂರಲಾರದೆ ಅಟೆಂಡರನ ಕೊಡೆಯನ್ನು ಸರಿಮಾಡಿ ಕೊಟ್ಟರು. ಒಂಬತ್ತನೇ ಸಲ ದೊಡ್ಡಮ್ಮನ ಕೊಡೆಯ ಮುರಿದ ಕಡ್ಡಿಗೆ ಸಣ್ಣ ತಂತಿ ಸುತ್ತಿ ಕೊಟ್ಟರು. "ಇದು ನಿಮ್ಮ ರಿಟೈರ್‌ಮೆಂಟ್‌ವರೆಗೂ ಬರುತ್ತೆ, ಅಮ್ಮ," ಎಂದರಂತೆ. ಅದಾದ ಮೇಲೂ ಅವಳು ಅದೇ ಹಿಂಬರಹ ಬರೆದಳು. ಇನ್ನೇನು ಬರೆಯಲಿ, ಇಲ್ಲದ್ದನ್ನು ಇದೆ ಎಂದು ಬರೆಯಲೇ ಎಂದು ಆಗ ಅವಳು ಅಂದುಕೊಂಡಿದ್ದಳು.

ನಿವೃತ್ತಿಗೆ ಏಳು ತಿಂಗಳಿದ್ದಾಗ ಜೋರು ಮಳೆ ಹಿಡಿಯಿತು. ಉಗ್ರಾಣದ ಗೋಡೆ ನೆಂದು ನಕ್ಷೆಯ ಹಾಳೆಗಳು ಉಬ್ಬಿದವು. ಒಂದು ಬೆಳಿಗ್ಗೆ ದೊಡ್ಡಮ್ಮ ಬಂದು ನೋಡಿದರೆ ಐದನೇ ಊರಿನ ಮೊಹರಿದ್ದ ತುಂಡು ಗೋಂದು ಬಿಟ್ಟು ಮುಂದಕ್ಕೆ ಬಾಗಿತ್ತು. ಒತ್ತಿ ಕೂರಿಸಲೆಂದು ಕೈ ಹಾಕಿದಳು. ಅಡಿಯಲ್ಲಿ ಗೆರೆಗಳು ಕಂಡವು.

ಕನ್ನಡಕ ಒರೆಸಿ ಮತ್ತೆ ನೋಡಿದಳು. ಆರನೇ ಊರಿನ ನಕ್ಷೆಗಾರ, ಯಾರೋ ಪುಣ್ಯಾತ್ಮ, ಬಹಳ ಸಣ್ಣ ನಿಬ್ಬಿನಲ್ಲಿ ಬರೆದಿದ್ದ. ದೊಡ್ಡ ರಸ್ತೆಯಿಂದ ಇಳಿಯುವ ಒಂದು ಬೀದಿ. ಅದರ ಎರಡೂ ಬದಿ ಮನೆಗಳು, ಪ್ರತಿಯೊಂದಕ್ಕೂ ಸಂಖ್ಯೆ, ಒಂದರಿಂದ ಹದಿನೇಳು. ಕೊನೆಯಲ್ಲಿ ಒಂದು ಬಾವಿ. ಬಾವಿಯ ಪಕ್ಕದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಇಳಿಜಾರು ಬೀದಿ. ಮೂವತ್ತಮೂರು ವರ್ಷ ಬೆಳಕು ಕಾಣದ ಶಾಯಿ ನಿನ್ನೆ ಬರೆದಂತೆ ಕಪ್ಪಾಗಿತ್ತು.

ದೊಡ್ಡಮ್ಮ ಕಾರ್ಯದರ್ಶಿಯವರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ಅವರು ಬಂದು ಬಗ್ಗಿ ನೋಡಿದರು.

"ಯಾರು ಅಂಟಿಸಿದ್ದು ಇದನ್ನ?"

"ನಾನೇ, ಸರ್."

"ಶ್... ಮೆಲ್ಲಗೆ." ಬಾಗಿಲ ಕಡೆ ನೋಡಿದರು. "ನಕ್ಷೆಯಕ್ಕ, ನಿಮಗೆ ನಾನು ಹೇಳಬೇಕಾ? ಐದನೇ ಊರಿಗೆ ಆರನೇ ಊರಿಗಿಂತ ಒಂಬತ್ತೇ ಮನೆ ಜಾಸ್ತಿ. ಮನೆ ಜಾಸ್ತಿ ಇರೋ ಊರಿಗೇ ಅಧ್ಯಕ್ಷರ ಕುರ್ಚಿ. ಈ ಹದಿನೇಳು ಮನೆ ಆರನೇ ಊರಿಗೆ ಸೇರಿದ್ರೆ ಕುರ್ಚಿ ತೊರೆ ದಾಟುತ್ತೆ. ಒಂಬತ್ತು ಊರೂ ಸಹಿ ಹಾಕದೆ ನಕ್ಷೆ ತಿದ್ದೋ ಹಾಗಿಲ್ಲ. ಐದನೇ ಊರಿನವರು ಹಾಕ್ತಾರಾ?"

"ಅಲ್ಲಿ ಒಬ್ಬರಿಗೆ ಉಬ್ಬಸ, ಸರ್."

"ಸಭೆ ಮುಂದೆ ಇಡ್ತೀನಿ. ಖಂಡಿತ ಇಡ್ತೀನಿ. ಈಗ ಇದನ್ನ ಅಂಟಿಸಿಬಿಡಿ."

ಅಟೆಂಡರ್ ಗೋಂದಿನ ಡಬ್ಬ ತಂದ. ಅವನು ತುಂಡನ್ನು ಅಂಟಿಸಿ ಬಟ್ಟೆಯಿಂದ ಒತ್ತಿದ. ಡಬ್ಬವನ್ನು ದೊಡ್ಡಮ್ಮ ಹಿಡಿದುಕೊಂಡಿದ್ದಳು.

ಆ ದಿನಗಳಲ್ಲಿ ಅವಳು ಮನೆಯಲ್ಲಿ ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಅಮ್ಮ ರೇಗಿದಳು. "ಏನಕ್ಕಾ ಇದು? ಒಂಬತ್ತು ಊರೂ ನಿನ್ನ ತಲೆ ಮೇಲೇ ಕೂತ ಹಾಗೆ ಆಡ್ತೀಯಲ್ಲ!"

"ಒಂಬತ್ತು ಊರಲ್ಲ ಕಣೇ. ಹದಿನೇಳು ಮನೆ."

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. "ಹದಿನೇಳೇ ತಾನೆ, ಉಣ್ಣು," ಎಂದಳು.

ಸಭೆ ಎರಡು ತಿಂಗಳಿಗೊಮ್ಮೆ. ಕಾರ್ಯದರ್ಶಿ ಮಾತಿನಂತೆ ವಿಷಯ ಇಟ್ಟರು. ಆ ದಿನ ಎರಡನೇ ಊರಿನವರು ಬರಲಿಲ್ಲವೆಂದು ಮುಂದೂಡಿದರು. ಎರಡು ತಿಂಗಳ ಮೇಲೆ ಎಲ್ಲರೂ ಬಂದರು. ಐದನೇ ಊರಿನವರೇ ಆದ ಅಧ್ಯಕ್ಷರು ಇದನ್ನು ಪರಿಶೀಲಿಸಲು ಉಪಸಮಿತಿ ಬೇಕೆಂದರು. ಉಪಸಮಿತಿಯಲ್ಲಿ ಯಾವ ಊರಿನವರು ಎಷ್ಟು ಜನ ಎಂಬ ಮಾತಿನಲ್ಲೇ ಸಂಜೆಯಾಯಿತು.

ಆ ಎರಡು ಸಭೆಗಳ ನಡುವೆ ಕೊಡೆಯಪ್ಪ ಹನ್ನೊಂದನೇ ಸಲ ಬಂದರು. ಹೆಂಡತಿಗೆ ಈಗ ಹತ್ತು ಹೆಜ್ಜೆ ನಡೆದರೂ ಉಸಿರು ಸಿಗುತ್ತಿಲ್ಲ ಎಂದರು. ಮೊದಲಿನ ಹಾಗೆ ತಮಾಷೆ ಮಾಡಲಿಲ್ಲ. ಅರ್ಜಿಯನ್ನು ಕೌಂಟರಿನ ಮೇಲೆ ಇಟ್ಟು ಕೈಕಟ್ಟಿಕೊಂಡು ನಿಂತರು. ದೊಡ್ಡಮ್ಮ ಎದ್ದು ಕಾರ್ಯದರ್ಶಿಯವರ ಕೋಣೆಗೆ ಹೋಗಿ ಬಂದಳು. ಅವರು ಹೇಳಿದ್ದು ಒಂದೇ ಮಾತು: ನಿರ್ಣಯ ಆಗುವವರೆಗೆ ನಕ್ಷೆ ಹೇಗಿದೆಯೋ ಹಾಗೇ.

ಅವಳು ಪೆನ್ನು ತೆಗೆದಳು. ಬರೆದಳು. ಸದರಿ ಬೀದಿ ನಕ್ಷೆಯಲ್ಲಿ ಕಂಡುಬರುವುದಿಲ್ಲ.

ಮೊದಲ ಹತ್ತು ಸಲ ಮೊಹರಿನ ಅಡಿಯಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಬರೆದದ್ದು. ಇದನ್ನು ಗೊತ್ತಿದ್ದೂ ಬರೆದಳು. ಸಭೆ ಒಪ್ಪಿದ ಮೇಲೆ ಎಲ್ಲ ಸರಿಮಾಡಿಯೇ ಅವರಿಗೆ ಹೇಳೋಣ, ಬರಿಗೈಯಲ್ಲಿ ಹೇಗೆ ಹೇಳಲಿ ಎಂದು ಯೋಚಿಸಿದೆ ಎಂದು ಅವಳು ನನಗೆ ಹೇಳಿದಳು. ಆಮೇಲೆ, "ಅದೂ ಸುಳ್ಳು. ಹೆದರಿಕೆ," ಎಂದಳು.

ಉಪಸಮಿತಿಯ ಮಾತಿನಲ್ಲೇ ಸಭೆ ಮುರಿದ ಮರುದಿನ ಊಟದ ಹೊತ್ತಿನಲ್ಲಿ ಕಚೇರಿ ಖಾಲಿಯಾಗಿತ್ತು. ದೊಡ್ಡಮ್ಮ ಪೆನ್ಸಿಲ್ ಹೆರೆಯುವ ಅರ್ಧ ಬ್ಲೇಡು ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಮೊಹರಿನ ತುಂಡನ್ನು ನಾಲ್ಕೂ ಕಡೆ ಕೊಯ್ದು ಎತ್ತಿದಳು. ಹೊಸ ಗೋಂದು ಗಟ್ಟಿಯಾಗಿತ್ತು. ಬಾವಿಯ ಹತ್ತಿರದ ಎರಡು ಮನೆಗಳ ಗೆರೆ ಕಾಗದದ ಜೊತೆಯಲ್ಲೇ ಕಿತ್ತು ಬಂತು. ಉಳಿದ ಹದಿನೈದು ಕಂಡವು. ಕಿತ್ತುಹೋದ ಎರಡನ್ನು ಪೆನ್ಸಿಲಿನಿಂದ ತಾನೇ ಬರೆದು ಸೇರಿಸಿದಳು.

ಅಟೆಂಡರ್ ಒಳಗೆ ಬಂದವನು ಬಾಗಿಲಲ್ಲೇ ನಿಂತ. "ಅಯ್ಯೋ ನಕ್ಷೆಯಕ್ಕ! ಅಧ್ಯಕ್ಷರ ಊರಿನ ಮೊಹರು!"

"ಅಲ್ಲಿ ಇಟ್ಟಿದೀನಿ ನೋಡು, ಮೇಜಿನ ಮೇಲೆ. ಒಂದು ಚೂರೂ ಹರಿದಿಲ್ಲ."

ಕಾರ್ಯದರ್ಶಿ ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಏನ್ರೀ ಇದು, ಸುಮ್ಮನೆ ಕೈ ಕೊಯ್ದುಕೊಂಡ ಹಾಗೆ ಮಾಡಿದ್ರಲ್ಲ," ಎಂದರು. "ಈ ನಕ್ಷೆಗೆ ಈಗ ಯಾವ ಬೆಲೆಯೂ ಇಲ್ಲ. ಬೇಸಿಗೇಲಿ ಕಂಪನಿಯವರು ಬಂದು ಇದರ ಫೋಟೋ ತೆಗೆದುಕೊಂಡು ಹೋದ್ರಲ್ಲ, ಆ ಕಂಪ್ಯೂಟರ್ ನಕ್ಷೆ ಹೋದ ತಿಂಗಳಿಂದ ಜಾರಿಗೆ ಬಂದಿದೆ. ಇದು ಬರೀ ಗೋಡೆ ಕಾಗದ."

ದೊಡ್ಡಮ್ಮ ಕಂಪ್ಯೂಟರಿನವಳ ಹತ್ತಿರ ಓಡಿದಳು. ಎರಡು ಮಕ್ಕಳ ತಾಯಿ ಆಕೆ, ದೊಡ್ಡಮ್ಮನಿಗೆ ಬಹಳ ಮರ್ಯಾದೆ ಕೊಡುತ್ತಿದ್ದಳು. ಪರದೆಯಲ್ಲಿ ಆರನೇ ಊರಿನ ದಂಡೆಯನ್ನು ತೋರಿಸು ಎಂದರೆ ತೋರಿಸಿದಳು. ಇಳಿಜಾರು ಬೀದಿ ಇರಬೇಕಾದ ಕಡೆ ದುಂಡಗೆ ನೀಲಿ ಬಣ್ಣ.

"ಇದೇನಿದು?"

"ಕೆರೆ ಅಕ್ಕ."

"ಯಾವ ಕೆರೆ?"

"ಗೋಡೆ ನಕ್ಷೇಲಿ ಇಲ್ಲಿ ದುಂಡಗೆ ಮಾಸಿದ ಮೊಹರು ಇತ್ತಲ್ಲ. ದೂರದಲ್ಲಿ ಕೂತು ಮಾಡೋರು, ಅವರಿಗೇನು ಗೊತ್ತು? ಕೆರೆ ಅಂದ್ಕೊಂಡಿದಾರೆ."

"ತೆಗೀತೀಯಾ?"

"ಒಂಬತ್ತು ಊರಿನ ನಿರ್ಣಯ ಇಲ್ಲದೆ ಇದು ಒಂದು ಚುಕ್ಕಿಯನ್ನೂ ತೆಗೆಯೋಕೆ ಬಿಡಲ್ಲ, ಅಕ್ಕ. ನೋಡಿ ಬೇಕಾದ್ರೆ." ಒತ್ತಿ ತೋರಿಸಿದಳು. ಪರದೆ ಕೆಂಪಾಯಿತು.

ಅದಾದ ಮೂರು ವಾರಕ್ಕೆ ಕೊಡೆಯಪ್ಪನ ಹೆಂಡತಿ ತೀರಿಕೊಂಡರು. ಸುದ್ದಿ ತಂದವನು ಡ್ರೈವರ್. ಬೆಳಿಗ್ಗೆ ಹತ್ತು ಗಂಟೆಗೆ ಕರೆ ಬಂದಿತ್ತು. ಅವನು ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದ. ಮಳೆ ಹನಿಯುತ್ತಿತ್ತು, ದಾರಿ ಜಾರುತ್ತಿತ್ತು. ನಾಲ್ಕು ಜನ ಕುರ್ಚಿ ಹೊತ್ತು ಬರುತ್ತಿದ್ದರು, ಕೊಡೆಯಪ್ಪ ಪಕ್ಕದಲ್ಲಿ ಕೊಡೆ ಹಿಡಿದು ಓಡುತ್ತಿದ್ದರು. ಅರ್ಧ ದಾರಿಯಲ್ಲಿ ಕುರ್ಚಿ ಕೆಳಗಿಟ್ಟರು. ಸುಸ್ತಾಗಿ ಇಟ್ಟರೆಂದು ಇವನು ಅಂದುಕೊಂಡ.

"ಇಳಿಸಿಬಿಡೋಣ ಅನ್ನಿಸ್ತು ಅಕ್ಕ, ದೇವರಾಣೆ. ಕೈ ಗೇರ್ ಮೇಲೇ ಇತ್ತು. ಆದ್ರೆ ಈಗ ಫೋನಲ್ಲಿ ನೋಡ್ತಾರೆ, ಗಾಡಿ ಎಲ್ಲಿದೆ ಅಂತ. ಕೆರೆಯೊಳಗೆ ಗಾಡಿ ಇಳಿಸಿದೆ ಅಂತ ಬರುತ್ತೆ." ನಗಲು ನೋಡಿದ. ಆಗಲಿಲ್ಲ. ಅವತ್ತು ಇಡೀ ದಿನ ಅವನು ವರಾಂಡದಲ್ಲಿ ಕೂರದೆ ಗಾಡಿಯೊಳಗೇ ಕೂತಿದ್ದ.

ಹತ್ತು ದಿನ ಬಿಟ್ಟು ಕೊಡೆಯಪ್ಪ ಮರಣದ ದಾಖಲೆಗೆ ಬಂದರು. ಜನನ ಮರಣವೆಲ್ಲ ಈಗ ಕಂಪ್ಯೂಟರಿನವಳ ಮೇಜಿನಲ್ಲಿ. ದೊಡ್ಡಮ್ಮ ತನ್ನ ಕುರ್ಚಿಯನ್ನು ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು.

"ಸತ್ತ ಜಾಗ?" ಎಂದು ಕಂಪ್ಯೂಟರಿನವಳು ಕೇಳಿದಳು.

"ಇಳಿಜಾರು ಬೀದಿ."

ಆಕೆ ಬೆರಳು ಎತ್ತಿಕೊಂಡು ದೊಡ್ಡಮ್ಮನ ಮುಖ ನೋಡಿದಳು. "ಅಕ್ಕ, ಆ ಜಾಗ ಒತ್ತಿದ್ರೆ ಇದು ಮುಳುಗಿ ಸತ್ತದ್ದಾ ಅಂತ ಕೇಳುತ್ತೆ. ಹೌದು ಅಂದ್ರೆ ಪೊಲೀಸ್ ಕಾಗದ ಬೇಕು." ಕೊಡೆಯಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಮೇಲಿನ ಬೀದಿ ಹೆಸರು ಹಾಕ್ತೀನಿ, ಅಣ್ಣ. ನಿಮ್ಮ ಕಡೆಯವರು ಎಲ್ರೂ ಹಾಗೇ ಬರೆಸೋದು."

"ಮೇಲಿನ ಬೀದಿವರೆಗೂ ಅವಳು ಹೋಗ್ಲಿಲ್ವಲ್ಲಮ್ಮ. ಹೋಗಿದ್ರೆ ಉಳೀತಿದ್ದಳು. ಬೇರೆ ಏನಿದೆ?"

"ಒಕ್ಕೂಟದ ಹೊರಗೆ ಅಂತ ಒಂದಿದೆ."

"ಅದನ್ನೇ ಬರೀರಿ. ಅದು ನಿಜ."

ಆಗ ದೊಡ್ಡಮ್ಮ ಹೇಳಿದಳು. ಹಾಳೆ, ಮೊಹರು, ಗೋಂದು, ಬ್ಲೇಡು, ಹನ್ನೊಂದನೇ ಹಿಂಬರಹ ಎಲ್ಲವನ್ನೂ ಒಂದರ ಹಿಂದೆ ಒಂದು, ಏನನ್ನೂ ಬಿಡದೆ. ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಕೊಡೆಯಪ್ಪ ಬಗ್ಗಿ ನೋಡಿದರು. ಪೆನ್ಸಿಲಿನಲ್ಲಿ ಬರೆದ ಎರಡು ಮನೆಗಳಲ್ಲಿ ಒಂದರ ಮೇಲೆ ಬೆರಳಿಟ್ಟರು.

"ಇದು ನಮ್ಮದು. ಬಾಗಿಲು ಈ ಕಡೆ ಬರ್ಬೇಕು."

ದೊಡ್ಡಮ್ಮ ಅಳುತ್ತಿದ್ದಳು. ಅವರು ಅಳಲಿಲ್ಲ.

"ಮೊಹರು ಅಡ್ಡ ಬಂತು ಅಂತೀರಿ. ಆಗ್ಲಿ," ಎಂದರು. "ಹನ್ನೊಂದು ಸಲ ನಾನು ಇಲ್ಲಿಗೆ ನಡ್ಕೊಂಡು ಬಂದೆ. ಅರ್ಧ ಗಂಟೆ ದಾರಿ. ಕೆಲಸದ ಮೇಲೆ ಬರ್ಬಾರ್ದು, ಸರಿ. ಭಾನುವಾರ ಕಾಲಾಡಿಸ್ಕೊಂಡು ಬರೋಕೆ ಯಾರ ಕಾಗದ ಬೇಕಿತ್ತು, ಅಮ್ಮ?"

ಅವರು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದರು. ಮತ್ತೆ ಕಚೇರಿಗೆ ಬರಲಿಲ್ಲ.

ಆ ವಾರ ದೊಡ್ಡಮ್ಮ ಎಲ್ಲವನ್ನೂ ಎರಡು ಪುಟದಲ್ಲಿ ಬರೆದು, ತಪ್ಪು ನನ್ನದು ಎಂದು ಸಹಿ ಹಾಕಿ ಕಾರ್ಯದರ್ಶಿಗೆ ಕೊಟ್ಟಳು. ವಾಪಸು ತೆಗೆದುಕೊಳ್ಳಿ, ನಿವೃತ್ತಿಗೆ ತೊಂದರೆಯಾಗುತ್ತದೆ ಎಂದು ಅವರು ಬೇಡಿಕೊಂಡರು. ಅವಳು ತೆಗೆದುಕೊಳ್ಳಲಿಲ್ಲ. ತೊಂದರೆಯೇನೂ ಆಗಲಿಲ್ಲ. ಅವರು ಅದರ ಮೇಲೆ "ಕಡತಕ್ಕೆ ಸೇರಿಸಿ" ಎಂದು ಬರೆದರು, ಅಟೆಂಡರ್ ಕಡತಕ್ಕೆ ಸೇರಿಸಿದ. ಉಪಸಮಿತಿ ಈವರೆಗೆ ಒಂದು ಸಲವೂ ಕೂಡಿಲ್ಲ. ಕೊನೆಯ ದಿನ ಒಂಬತ್ತು ಊರಿನವರೂ ಬಂದು ದೊಡ್ಡಮ್ಮನಿಗೆ ಹಾರ ಹಾಕಿದರು. ನಕ್ಷೆಯ ಎದುರು ನಿಲ್ಲಿಸಿ ಫೋಟೋ ತೆಗೆದರು. ಫೋಟೋದಲ್ಲಿ ಅವಳ ತಲೆ ಸರಿಯಾಗಿ ಆರನೇ ಊರನ್ನು ಮರೆಮಾಡಿದೆ. ಆ ಫೋಟೋವನ್ನು ಅವಳು ಮನೆಯಲ್ಲಿ ಗೋಡೆಗೆ ಹಾಕಲು ಬಿಡಲಿಲ್ಲ.

ನಿವೃತ್ತಿಯಾದ ಮೊದಲ ಭಾನುವಾರ ಅವಳು ಒಬ್ಬಳೇ ಹೊರಟಳು. ನಾನೂ ಬರುತ್ತೇನೆ ಎಂದೆ, ಬೇಡ ಎಂದಳು. ದೊಡ್ಡ ರಸ್ತೆಯಲ್ಲಿ ನಡೆದು, ತೊರೆ ದಾಟಿ, ತಿರುವಿನವರೆಗೆ ಇಪ್ಪತ್ತೈದು ನಿಮಿಷ. ಅಲ್ಲಿಂದ ದಾರಿ ಇಳಿಯಿತು. ಒಂದು ಗಾಡಿ ಆರಾಮವಾಗಿ ಹೋಗುವಷ್ಟು ಅಗಲವಿತ್ತು. ಹನಿ ಶುರುವಾಗಿ ಕೊಡೆ ಬಿಚ್ಚಿದಳು. ಕೊಡೆಯಪ್ಪ ತಂತಿ ಸುತ್ತಿದ್ದ ಕಡ್ಡಿ ಗಟ್ಟಿಯಾಗಿ ನಿಂತಿತು. ಎಡಕ್ಕೆ ಒಂದು, ಬಲಕ್ಕೆ ಎರಡು ಎಂದು ಸಂಖ್ಯೆಗಳನ್ನು ನೆನಪಿನಿಂದಲೇ ಎಣಿಸುತ್ತ ಇಳಿದಳು. ನಕ್ಷೆಯಲ್ಲಿ ಹೇಗಿತ್ತೋ ಹಾಗೇ ಇತ್ತು. ಆದರೆ ಮೊದಲನೇ ಮನೆಗೆ ಬೀಗ. ಎರಡನೆಯದಕ್ಕೂ ಬೀಗ. ಮೂರನೆಯದರ ಸೂರು ಕುಸಿದಿತ್ತು. ನಾಲ್ಕನೇ ಮನೆಯ ಜಗುಲಿಯಲ್ಲಿ ಒಬ್ಬ ಹೆಂಗಸು ಬಕೆಟ್ಟಿಗೆ ಮಳೆನೀರು ಹಿಡಿಯುತ್ತಿದ್ದಳು.

"ಯಾರ ಮನೆ ಬೇಕಿತ್ತಮ್ಮ?"

"ಕೊಡೆ ರಿಪೇರಿಯವರ ಮನೆ."

"ಅವರು ಹೋಗಿ ತಿಂಗಳಾಯ್ತಲ್ಲ. ಮಗಳು ಬಂದು ಕರ್ಕೊಂಡು ಹೋದ್ಲು. ಇಲ್ಲಿ ಯಾರು ಇರ್ತಾರೆ, ನೀರಿಲ್ಲ, ಕಸ ತಗೊಂಡು ಹೋಗೋರಿಲ್ಲ, ಕಾಯಿಲೆ ಬಿದ್ರೆ ಕೇಳೋರಿಲ್ಲ. ಎಲ್ಲ ಒಬ್ಬೊಬ್ಬರೇ ಹೊರಟ್ರು. ನಾವೂ ನೋಡ್ತಾ ಇದೀವಿ. ನೀವು ಯಾವ ಕಡೆಯವರು?"

ದೊಡ್ಡಮ್ಮ ಐದನೇ ಊರು ಎಂದಷ್ಟೇ ಹೇಳಿ ಬಾವಿಯವರೆಗೆ ಹೋಗಿ ಬಂದಳು. ಕೊಡೆಯಪ್ಪನ ಮನೆಯ ಬಾಗಿಲು ಅವರು ತೋರಿಸಿದ ಕಡೆಗೇ ಇತ್ತು. ಅದಕ್ಕೂ ಬೀಗ ಹಾಕಿತ್ತು.

ಮನೆಗೆ ಬಂದಾಗ ಅವಳ ಸೀರೆಯ ಅಂಚೆಲ್ಲ ಕೆಸರಾಗಿತ್ತು. ಅಮ್ಮ ಬಿಸಿನೀರು ಕೊಟ್ಟಳು. ಅವಳು ಕಾಲು ತೊಳೆಯದೆ ಹಿತ್ತಲ ಕಲ್ಲಿನ ಮೇಲೆ ಕೂತಳು.

"ಎಷ್ಟು ಮನೆ ಇವೆ ದೊಡ್ಡಮ್ಮ?" ಎಂದು ಕೇಳಿದೆ.

"ಬಾಗಿಲು ತೆರೆದಿರೋದು ಆರು," ಎಂದಳು. ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿಕೊಂಡಳು. "ಇನ್ನು ಎರಡೋ ಮೂರೋ ವರ್ಷ. ಆಮೇಲೆ ನನ್ನ ನಕ್ಷೆ ಸರಿಯಾಗುತ್ತೆ."

ನೀರು ಆರುತ್ತಿದೆ ಎಂದು 'ಅಕ್ಕಾ, ಅಕ್ಕಾ' ಎಂದು ಅಮ್ಮ ಒಳಗಿನಿಂದ ಕೂಗುತ್ತಲೇ ಇದ್ದಳು.